ಹದಿನೆಂಟನೆಯ ವಚನ

ಏಳರ ಹಳಿಯಾಳ ಬಸ್ಸಿಗೆ ಹತ್ತು ನಿಮಿಷವೂ ಉಳಿದಿರಲಿಲ್ಲ. ಸುಮಿತಾ ಹೊಸ್ತಿಲ ಮೇಲೆ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಆಗಲೇ ಅತ್ತಿ ಒಳಗಿನಿಂದ ಕೇಳಿದ್ದು. ‘ನೊವೊಮಿ ಮಾತು ಎಷ್ಟನೇ ವಚನದಾಗ ಐತಿ, ಸುಮಿತಾ? ಪೇಂಟರ ಪರಸಪ್ಪ ಬೋರ್ಡು ಬರದಿಟ್ಟಾನಂತ. ಕೆಳಗ ನಂಬರ ಹಾಕಾಕ ಜಾಗಾ ಬಿಟ್ಟಾನಂತ.’ ‘ಯಾವ ಮಾತ್ರಿ ಅತ್ತೀ?’ ಎಂದಳು. ಯಾವ ಮಾತೆಂದು ಗೊತ್ತಿದ್ದೇ ಕೇಳಿದಳು; ಬಗ್ಗಿದವಳು ಏಳಲಿಲ್ಲ. ‘ಅಯ್ಯ, ಯಾವ ಮಾತಂತ ಕೇಳ್ತಾಳಲ್ಲ! ನನ್ನ ಮಾತು. ನಿನ್ನ ಮಡಿಲು ತುಂಬದಿದ್ದರೂ ನೀನೇ ನನ್ನ ಮಗಳು.’ ಅತ್ತಿ ಅದನ್ನು ಸಾಲಿ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅತ್ತಿ ಗುರುಬಸವ್ವನಿಗೆ ಬಾಯಿಪಾಠ ಬರುವ ಪುಸ್ತಕದ ಕನ್ನಡವೆಂದರೆ ಈ ಒಂದು ಸಾಲು. ‘ಬಸ್ಸು ತಪ್ಪತೈತ್ರಿ, ಬಂದ ಮ್ಯಾಲೆ ಹೇಳ್ತೇನಿ’ ಎಂದು ಸುಮಿತಾ ಗೇಟು ದಾಟಿದಳು. ಬಂಗೂರನಗರದ ಕ್ವಾರ್ಟರ್ಸಿನ ಸಾಲುಮನೆಗಳ ನಡುವೆ ನಡೆಯುವಾಗ ಚಪ್ಪಲಿಯ ಪಟ್ಟಿ ಹಾಕಿಲ್ಲವೆಂದು ಗೊತ್ತಾಯಿತು, ಆದರೂ ನಿಲ್ಲಲಿಲ್ಲ.

ಆ ಮಾತು ಬೈಬಲಿನಲ್ಲಿ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ ಇಲ್ಲ, ಹೊಸದರಲ್ಲೂ ಇಲ್ಲ. ಬಸ್ಸಿನ ಕಿಟಕಿಗೆ ಹಣೆ ಆನಿಸಿ ಕೂತ ಸುಮಿತಾಗೆ ಇದು ಹೊಸ ಸುದ್ದಿಯೇನಲ್ಲ. ಹನ್ನೊಂದು ವರ್ಷದಿಂದ ಗೊತ್ತಿರುವ ಸುದ್ದಿ. ಗೊತ್ತಿದ್ದದ್ದು ಹೊಟ್ಟೆಯಲ್ಲಿ ಸುಮ್ಮನೆ ಮಲಗಿತ್ತು, ಈಗ ಎದ್ದು ಕೂತಿದೆ. ಅವರ ಕ್ರೈಸ್ತ ಸಭೆಯಲ್ಲಿ ಒಂದು ರೂಢಿ. ತಿಂಗಳ ಕೊನೆಯ ಶನಿವಾರ ಎಲ್ಲರೂ ಒಂದು ಮನೆಯಲ್ಲಿ ಕೂಡುವುದು, ಆ ಮನೆಯ ಹಿರಿಯರು ತಮ್ಮನ್ನು ಹಿಡಿದು ನಿಲ್ಲಿಸಿದ ವಾಕ್ಯ ಯಾವುದೆಂದು ಹೇಳುವುದು, ಕೂತವರೆಲ್ಲ ತಮ್ಮ ತಮ್ಮ ಪುಸ್ತಕ ತೆರೆದು ಆ ವಚನವನ್ನು ಒಟ್ಟಿಗೇ ಗಟ್ಟಿಯಾಗಿ ಓದುವುದು, ಆಮೇಲೆ ಪಾದ್ರಿ ಅಯ್ಯನವರು ಪ್ರಾರ್ಥನೆ ಮಾಡಿ ಅದನ್ನು ಬರೆದ ಬೋರ್ಡನ್ನು ಬಾಗಿಲ ಮೇಲೆ ತೂಗುಹಾಕುವುದು. ಮನಿವಾಕ್ಯ ಅನ್ನುತ್ತಾರೆ ಅದಕ್ಕೆ. ಹತ್ತು ಮನೆಯಲ್ಲಿ ಎಂಟು ಮನೆಯವರು ದೇವರು ನನಗೆ ಕುರುಬನು ಎಂಬ ಕೀರ್ತನೆಯನ್ನೇ ಹಾಕಿಸುತ್ತಾರೆ. ಈ ತಿಂಗಳ ಸರದಿ ಇವರ ಮನೆಯದು; ಅತ್ತಿಯೂ ಅದನ್ನೇ ಹೇಳುತ್ತಾಳೆಂದು ಸುಮಿತಾ ನಿಶ್ಚಿಂತಳಾಗಿದ್ದಳು. ಮುದುಕಿ ತನ್ನಷ್ಟಕ್ಕೆ ತಾನು ಪರಸಪ್ಪನ ಅಂಗಡಿಗೆ ಹೋಗಿ ಹೇಳಿ ಬಂದಿದ್ದಾಳೆ. ಸೊಸೆಗೆ ಖುಷಿಯಾಗಲಿ ಅಂತ ಗುಟ್ಟು ಮಾಡಿದ್ದಾಳೆ. ಇವತ್ತು ನಾಲ್ಕು ಗಂಟೆಗೆ ಮೂವತ್ತು ಜನ ಪುಸ್ತಕ ತೆರೆಯುತ್ತಾರೆ, ಅಷ್ಟೂ ಜನರ ಎದುರು ಆ ಮುದುಕಿಯ ಬಾಯಿ ಸುಳ್ಳಾಗುತ್ತದೆ.

ಅತ್ತಿಗೆ ಓದು ಬಾರದು. ಗದುಗಿನ ಕಡೆಯ ಹಳ್ಳಿಯಿಂದ ಗಂಡ ಅಂದಾನೆಪ್ಪನ ಬೆನ್ನು ಹತ್ತಿ ಕಾಗದದ ಮಿಲ್ಲಿನ ಕೆಲಸಕ್ಕೆಂದು ದಾಂಡೇಲಿಗೆ ಬಂದವಳು. ಇಲ್ಲಿಗೆ ಬಂದ ಮೇಲೆ ಗಂಡಹೆಂಡತಿ ಇಬ್ಬರೂ ಸಭೆಗೆ ಸೇರಿದ್ದು. ದೀಕ್ಷಾಸ್ನಾನದ ದಿನ ಆಗಿನ ಅಯ್ಯನವರು ಮರಿಯಮ್ಮ ಅಂತ ಹೊಸ ಹೆಸರು ಇಡುತ್ತೇನೆ ಅಂದರೆ, ‘ದೇವರು ಗುರುಬಸವ್ವಾ ಅಂತ ಕರದ್ರ ಓ ಅಂತೇನ್ರಿ, ಅಂವಗ ನನ್ನ ಹೆಸರ ಗೊತ್ತಿಲ್ಲೇನು?’ ಅಂದವಳು. ಅಂದಾನೆಪ್ಪ ಇರುವತನಕ ದಿನಾ ಸಂಜೆ ಏಳಕ್ಕೆ ಒಂದು ಅಧ್ಯಾಯ ಓದಿ ಹೇಳುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಕೆಲಸ ಸೊಸೆಯ ಮೇಲೆ ಬಿತ್ತು. ಅತ್ತಿ ಮಣೆಯ ಮೇಲೆ ಕೂತು ಸೆರಗು ತಲೆಯ ಮೇಲೆಳೆದುಕೊಂಡು, ಓದು ಮುಗಿಯುವವರೆಗೆ ಕಣ್ಣು ಪಿಳುಕಿಸದೆ ಕೇಳುತ್ತಿದ್ದಳು. ಮನೆಯಲ್ಲಿ ನೆಂಟರಿರಲಿ, ಕರೆಂಟು ಹೋಗಿರಲಿ, ಜ್ವರ ಬಂದಿರಲಿ, ಆ ಒಂದು ಅಧ್ಯಾಯ ತಪ್ಪಿದ್ದಿಲ್ಲ. ಊಟ ತಪ್ಪಿದರೆ ತಡೆಯುತ್ತಾಳೆ, ವಾಕ್ಯ ತಪ್ಪಿದರೆ ಇಲ್ಲ. ಹಗಲೆಲ್ಲ ಅದೇ ಮುದುಕಿ ಸುಮಿತಾಳನ್ನು ಹುರಿದು ತಿನ್ನುತ್ತಿದ್ದಳು. ಎರಡನೆಯ ಸಲ ಬಸಿರು ಇಳಿದಾಗ ‘ನೆಲಾನಽ ಸರಿ ಇಲ್ಲಂದ್ರ ಬಿತ್ತಿದಾಂವ ಏನ್ ಮಾಡ್ಯಾನು’ ಅಂದಿದ್ದಳು, ಅದೂ ಪಕ್ಕದ ಮನೆಯ ಹಬೀಬಾ ಭಾಭಿಯ ಎದುರಿಗೆ. ಸಭೆಯಲ್ಲಿ ಯಾರದೋ ಕೂಸಿಗೆ ದೀಕ್ಷಾಸ್ನಾನವೆಂದರೆ, ಸುಮಿತಾ ಕೈಚಾಚುವ ಮೊದಲೇ ತಾನು ನಡುವೆ ಬಂದು ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಮಗ ಸಮುವೇಲನಿಗೆ ಬೇರೆ ಹೆಣ್ಣು ನೋಡುವ ಮಾತನ್ನು ಸುಮಿತಾಳ ಕಿವಿಗೆ ಬೀಳುವಷ್ಟೇ ದನಿಯಲ್ಲಿ ಆಡುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ, ಮೂರನೆಯ ಬಸಿರೂ ಹೋಗಿ ಹನ್ನೆರಡು ದಿನವಾಗಿತ್ತು. ಓದಿನ ಸರದಿ ರೂತಳ ಕಥೆಗೆ ಬಂದಿತ್ತು. ಗಂಡ ಸತ್ತ, ಮಕ್ಕಳಿಲ್ಲದ ಸೊಸೆ ರೂತಳು ಅತ್ತೆ ನೊವೊಮಿಯ ಬೆನ್ನು ಬಿಡುವುದಿಲ್ಲ. ನೀ ಹೋದಲ್ಲಿ ನಾ ಬರ್ತೇನಿ ಅಂತ ಸೊಸೆ ಅಷ್ಟುದ್ದ ಮಾತಾಡುತ್ತಾಳೆ. ಓದುತ್ತ ಓದುತ್ತ ಸುಮಿತಾಳ ಕಣ್ಣು ಮುಂದಿನ ವಚನಕ್ಕೆ ಓಡಿತು, ಅತ್ತೆ ಏನು ಹೇಳುತ್ತಾಳೆ ನೋಡೋಣ ಅಂತ. ಅತ್ತೆ ಏನೂ ಹೇಳುವುದಿಲ್ಲ. ಹದಿನೆಂಟನೆಯ ವಚನದಲ್ಲಿ ನೊವೊಮಿ ಸುಮ್ಮನಾಗಿಬಿಡುತ್ತಾಳೆ, ಅಷ್ಟೇ. ಇಷ್ಟು ಕೇಳಿದ ಮೇಲೂ ಒಂದು ಮಾತಿಲ್ಲವೇ ಈ ಹೆಂಗಸಿಗೆ, ಎಂದು ಸುಮಿತಾಳ ಮೈಯೆಲ್ಲ ಉರಿಯಿತು. ಎದುರಿಗೆ ಮಣೆಯ ಮೇಲೆ ಇನ್ನೊಬ್ಬಳು ಅತ್ತೆ ಸೆರಗು ಹೊದ್ದು ಕೂತಿದ್ದಳು. ಆಗ ಅವಳ ಬಾಯಿ ತಾನಾಗಿ ಓದಿತು: ಆಗ ನೊವೊಮಿಯು ಆಕೆಗೆ, ನಿನ್ನ ಮಡಿಲು ತುಂಬದಿದ್ದರೂ ನೀನೇ ನನ್ನ ಮಗಳು ಅಂದಳು. ದನಿ ಸ್ವಲ್ಪವೂ ನಡುಗಲಿಲ್ಲ. ಅತ್ತಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಆಮೇಲೆ ‘ಇನ್ನೊಮ್ಮೆ ಓದು’ ಅಂದಳು. ಸುಮಿತಾ ಅದನ್ನೇ, ಅದೇ ದನಿಯಲ್ಲಿ, ಇನ್ನೊಮ್ಮೆ ಓದಿದಳು. ಮಾರನೆಯ ಬೆಳಿಗ್ಗೆ ಅತ್ತಿ ತಾನೇ ಚಹಾ ಮಾಡಿ ತಂದು ಅವಳ ಮುಂದೆ ಇಟ್ಟು, ಏನೂ ಹೇಳದೆ ಹೊರಗೆ ಹೋಗಿ ಅರಿವೆ ಒಗೆಯಲು ಕೂತಳು. ಆವತ್ತಿನಿಂದ ಒಂದೇ ಒಂದು ಚುಚ್ಚು ಮಾತಿಲ್ಲ. ಒಂದು ಮದುವೆಯಲ್ಲಿ ನಾದಿನಿಯೊಬ್ಬಳು ಬಂಜೆ ಎಂಬ ಮಾತೆತ್ತಿದಾಗ ಅತ್ತಿ ಊಟದ ಎಲೆ ಬಿಟ್ಟು ಎದ್ದು, ‘ವಾಕ್ಯದಾಗ ಐತಿ, ಆಕಿ ನನ್ನ ಮಗಳು’ ಅಂದು ಸುಮಿತಾಳ ರಟ್ಟೆ ಹಿಡಿದು ನಡೆದಿದ್ದಳು. ಸುಮಿತಾಗೆ ಖುಷಿಯಾಗಿತ್ತು. ಖುಷಿಯಾಯಿತಲ್ಲ ಅಂತ ತನ್ನ ಮೇಲೆ ಹೇಸಿಗೆಯೂ ಆಗಿತ್ತು.

ಸುಮಿತಾ ಕಲಿಸುವ ಸಾಲಿ ಶನಿವಾರ ಹನ್ನೊಂದೂವರೆಗೆ ಬಿಡುತ್ತದೆ. ಮೂರನೆಯ ತರಗತಿಯವರಿಂದ ಮೊಲದ ಪಾಠ ಓದಿಸುತ್ತಿದ್ದಳು. ಇಶ್ರತ ಎಂಬ ಹುಡುಗಿ ಎದ್ದು ನಿಂತು ಪುಸ್ತಕ ಎದೆಗೆ ಹಿಡಿದುಕೊಂಡು, ‘ಮೊಲ ಓಡಿತು. ಮೊಲಕ್ಕೆ ಬಹಳ ಹಸಿವಾಗಿತ್ತು’ ಅಂದಳು. ‘ಹಸಿವಾಗಿತ್ತು ಅಂತ ಎಲ್ಲೈತಿ?’ ಎಂದಳು ಸುಮಿತಾ. ಹುಡುಗಿ ಪುಸ್ತಕ ನೋಡಿತು, ಮೇಲೆ ನೋಡಿತು. ‘ಇಲ್ರಿ ಅಕ್ಕೋರ. ಆದ್ರ ಅದು ಮುಂಜಾನಿಂದ ಓಡಾಕತ್ತೈತಲ್ರಿ, ಹಸಿವಾಗಿರತೈತಿ.’ ಕ್ಲಾಸೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಇವತ್ತು ಮೈಮೇಲೆ ಬಂದಂತೆ ಕಿರುಚಿದಳು. ‘ಪುಸ್ತಕದಾಗ ಇದ್ದದ್ದಷ್ಟ ಓದು! ನಿನಗ ತಿಳಿದದ್ದ ಸೇರ್ಸಾಕ ಯಾರ ಹೇಳ್ಯಾರ ನಿನಗ?’ ಪಾಠ ಮುಗಿಯುವವರೆಗೆ ಹುಡುಗಿಯನ್ನು ನಿಲ್ಲಿಸಿದಳು. ಇಶ್ರತ ಅಳಲಿಲ್ಲ. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿಕೊಂಡು ನಿಂತಿತ್ತು. ಆ ಬೆರಳನ್ನು ನೋಡಲಾಗದೆ ಸುಮಿತಾ ಬೋರ್ಡಿನ ಕಡೆ ತಿರುಗಿ ಬರೆಯಲು ಏನೂ ಇಲ್ಲದಿದ್ದರೂ ತಾರೀಖು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಗಂಟೆ ಬಾರಿಸಿದಾಗ ಹುಡುಗಿಯ ಹತ್ತಿರ ಹೋಗಿ ತಲೆ ಸವರಬೇಕೆಂದುಕೊಂಡಳು. ಅಷ್ಟರಲ್ಲಿ ಅದು ಚೀಲ ಹೊತ್ತು ಓಡಿಹೋಗಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಒಂದು ನಿಶ್ಚಯ ಮಾಡಿದಳು. ಮನೆಗೆ ಹೋದ ಕೂಡಲೇ ಅತ್ತಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿ ಹೇಳಿಬಿಡುವುದು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ಮಾತುಗಳನ್ನು ಜೋಡಿಸಿಕೊಂಡಳು: ಅತ್ತೀ, ನಾ ಆವಾಗ ಸತ್ತು ಬದುಕಿದ್ದೆ, ನಿಮ್ಮ ಬಾಯಿಂದ ಒಂದ ಒಳ್ಳೇ ಮಾತ ಬೇಕಾಗಿತ್ತು. ಆದರೆ ಅದೊಂದೇ ಆಗಿದ್ದರೆ ಹೇಳಬಹುದಿತ್ತು. ಒಮ್ಮೆ ರುಚಿ ಹತ್ತಿದ ಬಾಯಿ ಸುಮ್ಮನಿರುತ್ತದೆಯೇ? ಸಾಲಿಯಿಂದ ಸುಸ್ತಾಗಿ ಬಂದ ದಿನ ಉದ್ದುದ್ದ ವಂಶಾವಳಿಗಳನ್ನು ಹಾರಿಸಿದಳು. ದೇವರ ಗುಡಾರದ ಅಳತೆಗಳನ್ನು ಹಾರಿಸಿದಳು. ಯುದ್ಧದಲ್ಲಿ ಊರು ಸುಟ್ಟಿದ್ದನ್ನು, ಮಕ್ಕಳನ್ನು ಕೊಂದದ್ದನ್ನು ಬಿಟ್ಟಳು, ಮುದುಕಿ ಕೇಳಿ ನೊಂದುಕೊಳ್ಳುತ್ತಾಳೆ ಅಂತ. ಡಾಕ್ಟರು ಅತ್ತಿಗೆ ಬಿಪಿ ಐತಿ ಅಂದಾಗ ಜ್ಞಾನೋಕ್ತಿಗಳ ನಡುವೆ ಮುದುಕರು ಉಪ್ಪು ಕಡಿಮೆ ತಿನ್ನತಕ್ಕದ್ದು ಎಂದು ಒಂದು ಸಾಲು ತೂರಿಸಿದಳು. ಡಾಕ್ಟರ ಮಾತಿಗೆ ಮೂಗು ಮುರಿದಿದ್ದ ಅತ್ತಿ ಆವತ್ತೇ ಉಪ್ಪಿನಕಾಯಿ ಬಿಟ್ಟಳು. ಇಂಥವು ಎಷ್ಟೋ, ಅವಳಿಗೇ ಈಗ ನೆನಪಿಲ್ಲ. ದೇವರ ಬಾಯಿ ಒಂದು, ಅದರೊಳಗಿನ ನಾಲಿಗೆ ಸುಮಿತಾಳದು. ಯಾರೂ ಕೇಳುವವರಿಲ್ಲ. ಮೂರನೆಯ ಕ್ಲಾಸಿನ ಹುಡುಗಿಗೆ ಕಿರುಚುವಾಗ ನಾಚಿಕೆಯಾದರೂ ಬರಬೇಕಿತ್ತು.

ಮನೆಗೆ ಬಂದರೆ ಬಾಗಿಲಲ್ಲೇ ಪರಸಪ್ಪ ಕೂತಿದ್ದ. ಬೋರ್ಡನ್ನು ಕಟ್ಟೆಗೆ ಆನಿಸಿ ನಿಲ್ಲಿಸಿದ್ದ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ, ಸುತ್ತ ಬಳ್ಳಿಯ ಚಿತ್ತಾರ. ನಿನ್ನ ಮಡಿಲು ತುಂಬದಿದ್ದರೂ ನೀನೇ ನನ್ನ ಮಗಳು. ಕೆಳಗೆ ಸಣ್ಣದಾಗಿ ಪುಸ್ತಕದ ಹೆಸರು, ರೂತಳು ಅಂತ, ಅದರ ಪಕ್ಕ ಖಾಲಿ. ತಾನು ಹುಟ್ಟಿಸಿದ ಮಾತನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಅವಳು ನೋಡಿದ್ದು ಅದೇ ಮೊದಲು. ಚೆನ್ನಾಗಿ ಬರೆದಿದ್ದ. ‘ನಂಬರ ಹೇಳ್ರಿ ಅಕ್ಕೋರ, ಮುಂಡಗೋಡದಾಗ ಒಂದ ಅಂಗಡಿ ಬೋರ್ಡ ಐತಿ, ಬಸ್ಸ ಹಿಡೀಬೇಕು’ ಎಂದು ಬ್ರಶ್ಶು ಅದ್ದಿ ಹಿಡಿದ. ಅತ್ತಿ ಇಳಕಲ್ಲ ಸೀರೆ ಉಟ್ಟು, ತಲೆ ಬಾಚಿ, ಅವನ ಪಕ್ಕದಲ್ಲೇ ನಿಂತಿದ್ದಳು. ಹಬೀಬಾ ಭಾಭಿ ತಮ್ಮ ಮನೆಯ ಚಹಾದ ಗ್ಲಾಸುಗಳನ್ನು ಬುಟ್ಟಿಯಲ್ಲಿ ತಂದು ಕಟ್ಟೆಯ ಮೇಲಿಟ್ಟು, ‘ಹೌದಲ್ಲ, ನಂಬರ ಇಲ್ದ ಹೆಂಗ ಚಂದ ಕಾಣತೈತಿ?’ ಅಂದಳು. ಸಮುವೇಲ ಎರಡನೆಯ ಶಿಫ್ಟಿಗೆ ಹೊರಟವನು ಸೈಕಲ್ಲಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ಎಲ್ಲರೂ ಸುಮಿತಾಳ ಬಾಯಿ ನೋಡುತ್ತಿದ್ದರು. ಅಡುಗೆಮನೆ, ಮುಚ್ಚಿದ ಬಾಗಿಲು, ಜೋಡಿಸಿಕೊಂಡ ಮಾತು ಎಲ್ಲ ಎಲ್ಲಿಗೋ ಹೋದವು. ‘ಒಂದು, ಹದಿನೆಂಟು’ ಅಂದಳು. ಪರಸಪ್ಪ ಎರಡು ಎಳೆತದಲ್ಲಿ ಬರೆದು ಮುಗಿಸಿದ. ಅತ್ತಿ ಸಮಾಧಾನದ ಉಸಿರು ಬಿಟ್ಟು, ‘ಹದಿನೆಂಟು’ ಎಂದು ತಾನೂ ಒಮ್ಮೆ ಅಂದು ನೋಡಿದಳು. ಹನ್ನೊಂದು ವರ್ಷದ ಹಿಂದಿನ ಸುಳ್ಳನ್ನು ಉರಿಯುವ ಹೊಟ್ಟೆ ಹೇಳಿತ್ತು. ಇವತ್ತಿನದನ್ನು ಬರೀ ಅಂಜಿಕೆ ಹೇಳಿತು. ಸುಮಿತಾ ಒಳಗೆ ಹೋಗಿ ಮುಖ ತೊಳೆದಳು, ಶಿರಾಕ್ಕೆ ರವೆ ಹುರಿದಳು, ಸೀದ ವಾಸನೆ ಬಂದ ಮೇಲೆ ಒಲೆ ಆರಿಸಿದಳು.

ನಾಲ್ಕಕ್ಕೆ ಜನ ಬಂದರು. ಹಾಲಿನ ತುಂಬ ಜಮಖಾನೆ, ಹಿರಿಯರಿಗೆ ಹಬೀಬಾಳ ಮನೆಯ ಕುರ್ಚಿ. ಅಯ್ಯನವರು ಮಿದು ಮಾತಿನ ಮನುಷ್ಯ. ಆದರೆ ವಾಕ್ಯದ ವಿಷಯಕ್ಕೆ ಬಂದರೆ ಅಲ್ಪಸ್ವಲ್ಪಕ್ಕೂ ಬಿಡುವವರಲ್ಲ, ಅಧ್ಯಾಯ ಯಾವುದು ವಚನ ಯಾವುದು ಎಂದು ಸಣ್ಣ ಮಕ್ಕಳನ್ನೂ ಕೇಳುತ್ತಾರೆ. ಅವರ ಮಗಳು ಜಾಸ್ಮಿನ ಕಾಲೇಜಿನವಳು, ಬೈಬಲನ್ನು ಮೊಬೈಲಿನಲ್ಲೇ ಓದುತ್ತಾಳೆ. ಹಾಡಾಯಿತು, ಪ್ರಾರ್ಥನೆಯಾಯಿತು. ಸುಮಿತಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತಿ ಎದ್ದು ನಿಂತಳು. ಮೂವತ್ತು ಜನರೆದುರು ಮಾತಾಡಿ ಗೊತ್ತಿಲ್ಲದ ಮುದುಕಿ, ಆದರೂ ದನಿ ಗಟ್ಟಿಯಾಗಿತ್ತು. ‘ನಾ ಬಹಳ ಕೆಟ್ಟ ಬಾಯಿಯಾಕಿ ಇದ್ದೆರಿ. ನನ್ನ ಸೊಸೀನ ಕಣ್ಣೀರ ಕುಡಿಸೇನಿ. ಆಕಿ ನನಗ ತಿರಗಿ ಒಂದ ಮಾತ ಆಡಲಿಲ್ಲ. ದಿನಾ ಸಂಜಿಗೆ ಪುಸ್ತಕ ಹಿಡದು ಕುಂತು ಓದಿದಳು. ಒಂದಿವಸ ಆ ಪುಸ್ತಕ ನನ್ನ ಬಾಯಿ ಮುಚ್ಚಿಸ್ತು. ನೊವೊಮಿ ತನ್ನ ಸೊಸಿಗೆ ಅಂದಳು, ನಿನ್ನ ಮಡಿಲು ತುಂಬದಿದ್ದರೂ ನೀನೇ ನನ್ನ ಮಗಳು. ಅತ್ತಿಯಾದಾಕಿ ಹಂಗ ಅನ್ನಬೇಕಂತ ದೇವರಽ ಬರದಿಟ್ಟಾನ, ನಾ ಯಾವ ದೊಡ್ಡ ಮನಷ್ಯಾಳು ಅಂದ್ಕೊಂಡೆ. ಅವತ್ತಿಂದ ನಮ್ಮನಿ ಮನಿ ಆತು.’ ಒಬ್ಬಿಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಅಯ್ಯನವರು ಬೋರ್ಡಿನ ಕಡೆ ನೋಡಿ, ‘ರೂತಳು ಒಂದು, ಹದಿನೆಂಟು. ಎಲ್ಲಾರೂ ತಗೀರಿ’ ಅಂದರು. ಹಾಳೆ ತಿರುವುವ ಸದ್ದು ಹಾಲಿನ ತುಂಬ ಎದ್ದಿತು. ಆ ಸದ್ದು ನಿಂತಿತು, ಓದು ಶುರುವಾಗಲಿಲ್ಲ.

ಯಾರೋ ಒಬ್ಬರು ಹದಿನೆಂಟನೆಯದನ್ನು ಓದಲು ಹೋಗಿ ನಡುವೆ ತಡೆದರು. ಒಬ್ಬರ ಮುಖ ಒಬ್ಬರು ನೋಡಿದರು. ‘ನೊವೊಮಿ ಸುಮ್ಮನಾದಳು ಅಂತ ಐತ್ರಿ ಇಲ್ಲಿ’ ಅಂದರು ಮುಂದಿನ ಸಾಲಿನವರು. ಹಾಳೆಗಳು ಹಿಂದೆ ಮುಂದೆ ತಿರುಗಿದವು. ಜಾಸ್ಮಿನ ಮೊಬೈಲಿನಲ್ಲಿ ಮಡಿಲು ಎಂದು ಹೊಡೆದು ನೋಡಿದಳು, ಮತ್ತೊಂದು ರೀತಿಯಲ್ಲಿ ಹೊಡೆದು ನೋಡಿದಳು. ‘ಅಪ್ಪಾ, ಇಡೀ ಬೈಬಲಿನಾಗ ಹಂಗ ಇಲ್ಲ ಅಂತ ಬರಾಕತ್ತೈತಿ’ ಅಂದಳು. ಮೆಲ್ಲಗೇ ಅಂದಿದ್ದು, ಆದರೆ ಎಲ್ಲರಿಗೂ ಕೇಳಿಸಿತು. ಗೋಡೆಯ ಹತ್ತಿರ ಒಬ್ಬ ಮುದುಕ ಫಕ್ಕನೆ ನಕ್ಕು ಕೆಮ್ಮಿದ. ಅಯ್ಯನವರು ಮಿದುವಾಗಿ, ‘ಅವ್ವಾ, ನೀವು ಯಾವುದೋ ಹಾಡಿನಾಗ ಕೇಳಿರಬೇಕ್ರಿ. ವಯಸ್ಸಾದ ಮ್ಯಾಲೆ ಒಂದರ ಮಾತು ಇನ್ನೊಂದರಾಗ ಕೂಡತಾವ’ ಅಂದರು. ‘ಕೂಡಿಲ್ರಿ’ ಅಂದಳು ಅತ್ತಿ. ಮುಖ ಕೆಂಪಗಾಗಿತ್ತು, ಆದರೂ ಕೂತುಕೊಳ್ಳಲಿಲ್ಲ. ‘ನಿಮ್ಮ ಪುಸ್ತಕದಾಗ ಬಿಟ್ಟಿರಬೇಕು. ನಮ್ಮನಿ ಪುಸ್ತಕದಾಗ ಐತಿ. ನನ್ನ ಸೊಸಿ ಸಾಲಿ ಕಲಿಸ್ತಾಳ, ಆಕಿ ಸುಳ್ಳ ಓದಾಕಿ ಅಲ್ಲ.’ ಗೋಡೆಯ ಗೂಡಿನಿಂದ ಮನೆಯ ಬೈಬಲನ್ನು ತಂದಳು. ಅಂದಾನೆಪ್ಪ ಬದುಕಿದ್ದಾಗ ಮಿಲ್ಲಿನಿಂದ ತಂದ ಬಿಳಿ ಕಾಗದದ ಪಟ್ಟಿಯೊಂದು ಆ ಹಾಳೆಯಲ್ಲಿ ಹನ್ನೊಂದು ವರ್ಷದಿಂದ ಇತ್ತು. ಅಲ್ಲಿಗೆ ತೆರೆದು ಜನರ ನಡುವಿನಿಂದ ದಾಟಿ ಬಂದು ಸುಮಿತಾಳ ಕೈಗೆ ಕೊಟ್ಟಳು. ‘ಓದವ್ವಾ. ಗಟ್ಟಿಯಾಗಿ ಓದು, ಕೇಳಲಿ ಇವರು.’

ಓದಬಹುದಿತ್ತು. ಅದೇ ಸಾಲು ನಾಲಿಗೆಯ ತುದಿಯಲ್ಲಿತ್ತು, ಮೊದಲ ದಿನದಂತೆ ದನಿ ನಡುಗಿಸದೆ ಓದಿಬಿಡಬಹುದಿತ್ತು. ಈ ಒಂದು ಪ್ರತಿಯಲ್ಲಿ ಅಚ್ಚಿನ ತಪ್ಪು ಅಂದುಕೊಂಡು ಜನ ಎದ್ದು ಹೋಗುತ್ತಿದ್ದರು, ಇಲ್ಲ ಜಾಸ್ಮಿನ ಬಂದು ಹೆಗಲ ಮೇಲಿಂದ ಇಣುಕುತ್ತಿದ್ದಳು. ಅಥವಾ ಸುಮ್ಮನೆ ನಿಂತುಬಿಡಬಹುದಿತ್ತು. ಸುಮ್ಮನೆ ನಿಂತರೆ ಅಯ್ಯನವರ ಮಾತೇ ಖರೆಯಾಗುತ್ತಿತ್ತು, ಮುದುಕಿಗೆ ಅರಳುಮರಳು ಅಂತ. ನಾಳೆ ಸಭೆಯ ತುಂಬ ಅದೇ ಮಾತು. ಅತ್ತಿ ಇವಳ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಅನುಮಾನ ಇದ್ದಿದ್ದರೆ ಸುಮಿತಾಗೆ ಸಲೀಸಾಗುತ್ತಿತ್ತು. ಹನಿಯಷ್ಟೂ ಇರಲಿಲ್ಲ. ಅವಳು ಹದಿನೆಂಟನೆಯ ವಚನ ಓದಿದಳು, ಅಲ್ಲಿ ಇದ್ದದ್ದನ್ನೇ ಓದಿದಳು: ಸೊಸೆಯ ಗಟ್ಟಿ ಮನಸ್ಸು ಕಂಡು ಅತ್ತೆ ಸುಮ್ಮನಾದಳು. ನಿಲ್ಲದೆ ಹತ್ತೊಂಬತ್ತನೆಯದಕ್ಕೂ ಹೋದಳು, ಇಬ್ಬರೂ ಬೇತ್ಲೆಹೇಮಿನ ದಾರಿ ಹಿಡಿದರು ಅಂತ. ‘ನಿಂದ್ರು’ ಅಂದಳು ಅತ್ತಿ. ‘ನಡುವ ಒಂದ ಮಾತ ಬಿಟ್ಟಿ.’ ‘ಬಿಟ್ಟಿಲ್ರಿ ಅತ್ತೀ. ಆ ಮಾತು ಇಲ್ಲಿ ಇಲ್ಲ. ನಾನಽ ಸೇರ್ಸಿದ್ದು.’

ಅತ್ತಿ ಸುಮಿತಾಳ ಕೈಯಿಂದ ಪುಸ್ತಕ ತೆಗೆದುಕೊಂಡು, ಓದು ಬಾರದ ಕಣ್ಣಿನಿಂದ ಆ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಮುಚ್ಚಿ ಗೂಡಿನಲ್ಲಿಟ್ಟಳು. ಮಣೆಯ ಮೇಲೆ ಹೋಗಿ ಕೂತಳು. ಅಯ್ಯನವರು ಅವಸರದಲ್ಲಿ ಒಂದು ಹಾಡು ಎತ್ತಿದರು, ಅರ್ಧ ಜನಕ್ಕೆ ಅದರ ಸಾಲು ನೆನಪಿರಲಿಲ್ಲ. ಹೋಗುವ ಮುಂಚೆ ಸುಮಿತಾಳ ಹತ್ತಿರ ಬಂದು, ‘ದೇವರ ವಾಕ್ಯಕ್ಕ ಕೂಡಿಸಬಾರದಮ್ಮಾ, ಕಳೀಬಾರದು. ಸಾಲಿ ಕಲಿಸಾಕಿ, ನಿನಗ ನಾ ಹೇಳಬೇಕೇನು?’ ಅಂದರು. ಗದರಿಸಲಿಲ್ಲ, ಗದರಿಸಿದ್ದರೆ ಚೆನ್ನಾಗಿತ್ತು. ಶಿರಾದ ತಾಟುಗಳು ಹಾಗೇ ಉಳಿದವು. ಹೆಂಗಸರು ಚಪ್ಪಲಿ ಹುಡುಕುತ್ತ ಪಿಸುಗುಟ್ಟಿದ್ದು ಅಡುಗೆಮನೆಯವರೆಗೆ ಕೇಳಿಸಿತು. ಹಬೀಬಾ ಗ್ಲಾಸು ಒಯ್ಯಲು ಬಂದವಳು ತುಂಬಿದ ಚಹಾವನ್ನು ಒಂದೊಂದಾಗಿ ಮೋರಿಗೆ ಚೆಲ್ಲಿದಳು. ‘ನಾಳೆ ಒಯ್ತೇನಿ ತಗೋ’ ಎಂದು ಬುಟ್ಟಿ ಅಲ್ಲೇ ಬಿಟ್ಟು, ಸುಮಿತಾಳ ಬೆನ್ನು ಒಮ್ಮೆ ತಟ್ಟಿ ಹೋದಳು. ಯಾರೋ ಬೋರ್ಡನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು.

ಸುಮಿತಾ ಪಾತ್ರೆ ತೊಳೆದಳು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಒಳಗಿನಿಂದ ಮಾತಿಲ್ಲ. ಬೈಯಲಾದರೂ ಬಾರದೆ ಈ ಮುದುಕಿಗೆ, ಹಳೆಯ ಬಾಯಿ ಎಲ್ಲಿ ಹೋಯಿತು, ಅದನ್ನೂ ನಾನೇ ತೆಗೆದುಕೊಂಡೆನೇನೋ, ಎಂದುಕೊಂಡಳು. ಅವಳಿಗೆ ಅಳು ಬಂತು, ತನ್ನ ಸಲುವಾಗಿಯೋ ಅತ್ತಿಯ ಸಲುವಾಗಿಯೋ ತಿಳಿಯಲಿಲ್ಲ. ಏಳಾಯಿತು. ಇನ್ನು ಈ ಮನೆಯಲ್ಲಿ ಏಳು ಗಂಟೆ ಅನ್ನುವುದು ಬರೀ ಏಳು ಗಂಟೆ ಅಂದುಕೊಂಡು ಕೈ ಒರೆಸುತ್ತಿದ್ದಾಗ, ‘ಇವತ್ತ ಓದೂದಿಲ್ಲೇನು?’ ಎಂದಿತು ಹಾಲಿನಿಂದ ದನಿ. ಅತ್ತಿ ದಿನದ ಜಾಗದಲ್ಲಿ ಕೂತಿದ್ದಳು. ಸೆರಗು ತಲೆಯ ಮೇಲಿತ್ತು. ಪುಸ್ತಕ ಎದುರಿಗಿತ್ತು. ಸುಮಿತಾ ಬಂದು ಕೂತಳು, ಆದರೆ ಪುಸ್ತಕ ಮುಟ್ಟಲಿಲ್ಲ. ‘ಉಪ್ಪಿಂದು?’ ಎಂದಳು ಅತ್ತಿ. ಸುಮಿತಾಗೆ ಮೊದಲು ತಿಳಿಯಲಿಲ್ಲ. ‘ಮುದುಕರು ಉಪ್ಪ ಕಮ್ಮಿ ತಿನ್ನಬೇಕನ್ನೂದು.’ ‘ಅದೂ ನಾನಽರಿ.’ ‘ಐದ ವರ್ಷ ಆತು ಉಪ್ಪಿನಕಾಯಿ ಬಾಯಾಗ ಇಟ್ಟಿಲ್ಲ.’ ಅತ್ತಿ ಪುಸ್ತಕದ ಮೇಲೆ ಕೈಯಿಟ್ಟಳು. ‘ಉಳಿದದ್ದು? ಅದರಾಗ ಯಾವ್ದು ದೇವರದು, ಯಾವ್ದು ನಿಂದು? ನಾ ಹೆಂಗ ಆರಿಸ್ಲಿ? ನನಗ ಇದ್ದದ್ದ ಅದೊಂದಽ ಕಿವಿ ಸುಮಿತಾ, ಅದರಾಗ ನೀ ಹಿಂಗ ಕಲಸಿಟ್ಟಿ.’ ಆಗ ದನಿ ಒಡೆಯಿತು. ಮೂವತ್ತು ಜನರೆದುರು ಒಡೆಯದ ದನಿ.

‘ತಪ್ಪಾತ್ರಿ ಅತ್ತೀ’ ಎಂದಳು ಸುಮಿತಾ. ಆ ಮಾತು ಎಷ್ಟು ಸಣ್ಣದು ಎಂದು ಹೇಳುವಾಗಲೇ ಗೊತ್ತಾಯಿತು. ‘ಬೋರ್ಡು ಪರಸಪ್ಪಗ ವಾಪಸ್ ಕೊಟ್ಟು ಅಳಿಸಿಬಿಡ್ತೇನಿ.’ ‘ಬ್ಯಾಡ. ನಂಬರ ಅಷ್ಟ ಕೆರಿ. ರೂತಳು ಅನ್ನೂದನ್ನೂ ಕೆರಿ.’ ‘ಮಾತು?’ ‘ಮಾತ ಇರ್ಲಿ. ದೇವರು ಅಂದಿಲ್ಲಂದ್ರ ನಾ ಅಂದೇನಿ. ಹನ್ನೊಂದ ವರ್ಷ ಅದನ್ನ ನಡಿಸೇನಿ, ಅದು ನಂದು. ಬಾಗಲ ಮ್ಯಾಲ ಬ್ಯಾಡ, ವಾಕ್ಯದ ಜಾಗಾ ಅದು. ಒಳಗ ನನ್ನ ಹಾಸಿಗಿ ಕಡೆ ಹಾಕು.’ ಸುಮಿತಾ ಕೈಚಾಚಿ ಅತ್ತಿಯ ಮೊಣಕಾಲು ಮುಟ್ಟಲು ಹೋದಳು. ಅತ್ತಿ ಕಾಲು ಹಿಂದಕ್ಕೆ ಎಳೆದುಕೊಂಡಳು. ‘ಅದು ಬ್ಯಾರೆ. ಇದು ಬ್ಯಾರೆ’ ಎಂದು ಪುಸ್ತಕವನ್ನು ಇವಳ ಕಡೆ ನೂಕಿದಳು. ‘ಮೊದಲಿಂದ ಓದು. ಇದ್ದದ್ದಷ್ಟ ಓದು. ನನಗ ಎಪ್ಪತ್ತಾರು, ಪೂರಾ ಮುಗಿಯೂಮಟಾ ಇರ್ತೇನೋ ಇಲ್ಲೋ. ಲಗೂನ ಸುರು ಮಾಡು.’

ಬಿಳಿ ಕಾಗದದ ಪಟ್ಟಿ ಆಗಲೇ ಮೊದಲ ಹಾಳೆಗೆ ಬಂದಿತ್ತು. ಸುಮಿತಾ ಮೊದಲ ವಚನ ಓದಿದಳು, ಆಕಾಶ ಭೂಮಿಗಳನ್ನು ಮಾಡಿದ್ದು. ‘ಐತೇನು?’ ಎಂದಳು ಅತ್ತಿ. ಸುಮಿತಾ ತಲೆಯೆತ್ತಿದಳು. ಅತ್ತಿ ಚೇಷ್ಟೆ ಮಾಡುತ್ತಿರಲಿಲ್ಲ. ‘ಐತ್ರಿ’ ಎಂದಳು. ಎರಡನೆಯದು ಓದಿದಳು, ಕತ್ತಲೆಯ ಮಾತು, ನೀ‌ರಿನ ಮಾತು. ‘ಐತೇನು?’ ‘ಐತ್ರಿ ಅತ್ತೀ.’ ಬೆಳಕಾದಾಗಲೂ ಕೇಳಿದಳು. ಹುಲ್ಲು ಹುಟ್ಟಿದಾಗ, ಚಿಕ್ಕಿ ಮೂಡಿದಾಗ, ಮೀನು ಹಕ್ಕಿ ದನಕರು ಒಂದೊಂದಕ್ಕೂ ಕೇಳಿದಳು. ನಡುವೆ ಒಮ್ಮೆ ಸುಮಿತಾ ಅತ್ತಿಯ ಬೆರಳು ಹಿಡಿದು ಅಕ್ಷರದ ಮೇಲೆ ಇಟ್ಟು ‘ಇಲ್ಲಿ ನೋಡ್ರಿ, ಇಲ್ಲಿ ಐತಿ’ ಎಂದಳು. ಬೆರಳು ಅಲ್ಲಿಯೇ ಇದ್ದುಕೊಂಡು ಸಾಲಿನ ಜೊತೆ ಸರಿಯತೊಡಗಿತು, ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಸುಮಿತಾ ಮೂವತ್ತೊಂದು ಸಲ ಐತ್ರಿ ಅಂದಿದ್ದಳು, ಗಂಟಲು ಒಣಗಿತ್ತು. ದಿನಕ್ಕೆ ಒಂದೇ ಅಧ್ಯಾಯದ ರೂಢಿ. ಅವಳು ಪಟ್ಟಿ ಇಟ್ಟು ಮುಚ್ಚಲು ಹೋದಳು. ಅತ್ತಿಯ ಬೆರಳು ಹಾಳೆಯ ಮೇಲಿನಿಂದ ಏಳಲಿಲ್ಲ. ‘ಮುಂದ?’ ಎಂದಳು. ಸುಮಿತಾ ಹಾಳೆ ತಿರುವಿ ಓದಿದಳು, ಓದಿ ನಿಂತಳು, ಕೇಳಲಿ ಅಂತ ಕಾದಳು.

‘ಐತೇನು?’

‘ಐತ್ರಿ.’